ಅಪರೂಪದ ಇಂಗ್ಲಿಷ್ ಶಬ್ದದ ಬೇರು ಹಿಡಿಯುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವವರ ಕೈಯಲ್ಲಿ ಇಂಗ್ಲಿಷ್ ಶಬ್ದಗಳ ಒಂದು ಝೆರಾಕ್ಸ್ ಪಟ್ಟಿ ಇದ್ದೇ ಇರುತ್ತದೆ. ಎಡಗಡೆ ಶಬ್ದ, ಬಲಗಡೆ ಅರ್ಥ. ಪಿಎಸ್‌ಐ, ಕೆಎಎಸ್, ಬ್ಯಾಂಕ್ ಅಂತ ತಯಾರಿ ನಡೆಸಿದವರು ಅದನ್ನು ಬೆಳಗ್ಗೆ ಬಾಯಿಪಾಠ ಮಾಡುತ್ತಾರೆ. ಸಂಜೆ ಚಹಾ ಕುಡಿಯುವ ಹೊತ್ತಿಗೆ ಅರ್ಧ ಹಾರಿಹೋಗಿರುತ್ತದೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಹಿಂದೆ ಮುಂದೆ ಗೊತ್ತಿಲ್ಲದ ಶಬ್ದ ತಲೆಯಲ್ಲಿ ಯಾಕೆ ಕೂರಬೇಕು?

ಅದರ ಊರು, ಮನೆತನ ಗೊತ್ತಾದರೆ ಕೂರುತ್ತದೆ. ಈ ಕೆಲಸಕ್ಕೆ ಇಂಗ್ಲಿಷ್ ಮೀಡಿಯಂನಲ್ಲೇ ಓದಿರಬೇಕು ಅಂತೇನಿಲ್ಲ. ನನ್ನ ಕೇಳಿದರೆ ಕನ್ನಡ ಮಾಧ್ಯಮದವರಿಗೇ ಇದು ಸಲೀಸು. ಹೈಸ್ಕೂಲಿನಲ್ಲಿ ನೀವು ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಅಂತ ಓದಿದ್ದೀರಿ. ಸಂಧಿ ಬಿಡಿಸಿದ್ದೀರಿ. ಒಂದೆರಡು ಮಾರ್ಕ್ಸಿಗೆ ಅಂತ ಓದಿ ಮರೆತ ಆ ವ್ಯಾಕರಣವೇ ಇಲ್ಲಿ ಕೈಹಿಡಿಯುತ್ತದೆ.

ಮೊದಲು ವಾಕ್ಯ ಬರೆದುಕೊಳ್ಳಿ

ಹೊಸ ಶಬ್ದ ಕಂಡ ಕೂಡಲೇ ಮೊಬೈಲ್ ತೆಗೆಯಬೇಡಿ. ಅದು ಇದ್ದ ವಾಕ್ಯವನ್ನು ಇಡಿಯಾಗಿ ಬರೆದುಕೊಳ್ಳಿ. ಅರ್ಥ ಏನಿರಬಹುದು ಅಂತ ನಿಮ್ಮ ಊಹೆಯನ್ನೂ ಪಕ್ಕದಲ್ಲಿ ಗೀಚಿ. ಊಹೆ ತಪ್ಪಾದರೂ ಪರವಾಗಿಲ್ಲ. ಒಂದು ಸಲ ತಲೆ ಕೆರೆದುಕೊಂಡು ಆಮೇಲೆ ನೋಡಿದ ಅರ್ಥ, ಸುಮ್ನೆ ನೋಡಿದ ಅರ್ಥಕ್ಕಿಂತ ಜಾಸ್ತಿ ದಿನ ಉಳಿಯುತ್ತದೆ.

2017ರಲ್ಲಿ ಶಶಿ ತರೂರ್ ತಮ್ಮ ಮೇಲಿನ ಆರೋಪಗಳಿಗೆ ಉತ್ತರ ಕೊಡುತ್ತ ಒಂದು ಟ್ವೀಟ್‌ನಲ್ಲಿ ‘ಫರಾಗೋ’ ಅಂತ ಬಳಸಿದರು. ದೇಶದ ತುಂಬ ಜನ ಡಿಕ್ಷನರಿ ಹುಡುಕಿದರು. ಆದರೆ ವಾಕ್ಯವನ್ನು ನಿಧಾನಕ್ಕೆ ಓದಿದ್ದರೆ ಅರ್ಧ ಅರ್ಥ ಅಲ್ಲೇ ಇತ್ತು. ಶಬ್ದದ ಮುಂದೆ ‘ಆಫ್’ ಇದೆ. ಅದಾದ ಮೇಲೆ ತಿರುಚಿದ್ದು, ತಪ್ಪಾಗಿ ಬಿಂಬಿಸಿದ್ದು, ಸುಳ್ಳು ಅಂತ ಸಾಲಾಗಿ ಹೇಳಿದ್ದಾರೆ. ಅಂದರೆ ಫರಾಗೋ ಅನ್ನುವುದು ಇದೆಲ್ಲ ಸೇರಿ ಆದ ಏನೋ ಒಂದು ರಾಶಿ ಇರಬೇಕು. ಇಷ್ಟು ಊಹೆ ಸಾಕು.

ಈಗ ಡಿಕ್ಷನರಿ ತೆಗೆಯಿರಿ. ಅರ್ಥ: ಒಂದಕ್ಕೊಂದು ಹೊಂದದ ವಸ್ತುಗಳ ಕಲಬೆರಕೆ. ಮೂಲ: ಲ್ಯಾಟಿನ್ನಿನ ‘ಫರಾಗೋ’, ಅಂದರೆ ದನಗಳಿಗೆ ಹಾಕುವ ಬೆರಕೆ ಮೇವು. ಅದರ ಬೇರು ‘ಫಾರ್’, ಒಂದು ಬಗೆಯ ಧಾನ್ಯ. ಹಿಟ್ಟಿಗೆ ಲ್ಯಾಟಿನ್ನಿನಲ್ಲಿ ‘ಫರೀನಾ’ ಅನ್ನುವುದೂ ಇದೇ ಬೇರಿನಿಂದ. ಕಣಿಕೆ, ಹೊಟ್ಟು, ಹಸಿಹುಲ್ಲು ಎಲ್ಲ ಕೂಡಿಸಿ ಗ್ವಾದಲಿಗೆ ಸುರಿದ ಹಾಗೆ ಸುಳ್ಳು, ಅರ್ಧ ಸತ್ಯ, ಗಾಳಿಸುದ್ದಿ ಎಲ್ಲ ಕೂಡಿಸಿ ಸುರಿದರೆ ಫರಾಗೋ. ನವಲಗುಂದದ ರೈತನ ಮಗನಿಗೆ ಇದನ್ನು ಇನ್ನೊಂದು ಸಲ ಹೇಳಿಕೊಡಬೇಕಾಗಿಲ್ಲ.

ಸ್ಪೆಲಿಂಗ್ ನೋಡಿ ಊರು ಗುರುತಿಸಿ

ಕನ್ನಡದಲ್ಲಿ ಋಕಾರ ಅಥವಾ ವಿಸರ್ಗ ಕಂಡರೆ ಇದು ಸಂಸ್ಕೃತದ್ದು ಅಂತ ಕಣ್ಣುಮುಚ್ಚಿ ಹೇಳುತ್ತೀರಿ. ಇಂಗ್ಲಿಷಿನಲ್ಲೂ ಇಂಥ ಗುರುತುಗಳಿವೆ. ಪಿ-ಎಚ್ ಸೇರಿ ‘ಫ’ ಆಗಿದ್ದರೆ, ಸಿ-ಎಚ್ ಇದ್ದೂ ‘ಕ’ ಅಂತ ಉಚ್ಚರಿಸಿದರೆ, ಮೊದಲಿಗೇ ಪಿ-ಎಸ್, ಪಿ-ಎನ್, ಆರ್-ಎಚ್ ಬಂದರೆ ಅದು ಬಹುತೇಕ ಗ್ರೀಕ್ ಶಬ್ದ. ಫಿಲಾಸಫಿ, ಕ್ರಾನಿಕಲ್, ಸೈಕಾಲಜಿ, ನ್ಯುಮೋನಿಯಾ, ರಿದಮ್ ನೋಡಿ. ಕೊನೆಗೆ ‘ಷನ್’, ‘ಇಟಿ’ ಬಂದರೆ ಲ್ಯಾಟಿನ್ ನೆನಪಿಸಿಕೊಳ್ಳಿ. ಉಚ್ಚರಿಸದ ಕೆ, ಜಿ-ಎಚ್ ಇರುವ ನೀ (ಮೊಣಕಾಲು), ನೈಟ್, ಲೈಟ್ ತರಹದ ಗಿಡ್ಡ ಶಬ್ದಗಳು ಇಂಗ್ಲಿಷಿನ ಸ್ವಂತದವು. ಆ ಅಕ್ಷರಗಳನ್ನು ಒಂದು ಕಾಲಕ್ಕೆ ಉಚ್ಚರಿಸುತ್ತಲೇ ಇದ್ದರು.

ಸ್ಪೆಲಿಂಗ್ ಸುಳ್ಳು ಹೇಳುವುದೂ ಉಂಟು. ಸಾಲಕ್ಕೆ ಇಂಗ್ಲಿಷಿನಲ್ಲಿ ‘ಡೆಟ್’ ಅನ್ನುತ್ತಾರೆ. ಅದು ಫ್ರೆಂಚಿನಿಂದ ಬರುವಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ನಿನ ‘ಡೆಬಿಟಮ್’ ಗೊತ್ತಿದ್ದ ಪಂಡಿತರು ಮೂಲ ತೋರಿಸಬೇಕು ಅಂತ ಆಮೇಲೆ ಬಿ ತುರುಕಿದರು. ಬರವಣಿಗೆಗೆ ಬಂತು, ಬಾಯಿಗೆ ಬರಲಿಲ್ಲ. ಮಕ್ಕಳು ಇವತ್ತಿಗೂ ಡಿಕ್ಟೇಷನ್‌ನಲ್ಲಿ ಅದಕ್ಕೆ ಮಾರ್ಕ್ಸ್ ಕಳೆದುಕೊಳ್ಳುತ್ತಿದ್ದಾರೆ.

ತತ್ಸಮವೋ, ತದ್ಭವವೋ?

ವೀರ ಹೋಗಿ ಬೀರ ಆಯಿತು, ಶ್ರೀ ಹೋಗಿ ಸಿರಿ ಆಯಿತು. ಮೊದಲನೆಯದು ತತ್ಸಮ, ಎರಡನೆಯದು ಜನರ ಬಾಯಲ್ಲಿ ಸವೆದ ತದ್ಭವ. ಎರಡೂ ನಮ್ಮಲ್ಲಿ ಉಳಿದಿವೆ, ಎರಡರ ಬಳಕೆ ಬೇರೆ ಬೇರೆ. ಇಂಗ್ಲಿಷಿನಲ್ಲೂ ಥೇಟ್ ಇದೇ ನಡೆದಿದೆ.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡ್ ಗೆದ್ದರು. ಆಮೇಲೆ ಬಹಳ ಕಾಲ ಅಲ್ಲಿನ ಅರಮನೆ, ಕೋರ್ಟುಗಳಲ್ಲಿ ಫ್ರೆಂಚ್ ನಡೆಯಿತು. ಲ್ಯಾಟಿನ್ ಶಬ್ದಗಳು ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂದವು. ಇವು ಅದರ ತದ್ಭವಗಳು. ಕೆಲವು ಶತಮಾನ ಕಳೆದ ಮೇಲೆ ವಿದ್ವಾಂಸರು ಲ್ಯಾಟಿನ್, ಗ್ರೀಕ್ ಪುಸ್ತಕಗಳಿಂದ ಶಬ್ದಗಳನ್ನು ನೇರವಾಗಿ ಎತ್ತಿಕೊಂಡರು. ಇವು ತತ್ಸಮಗಳು. ಹಾಗಾಗಿ ‘ಫ್ರಾಜಿಲಿಸ್’ ಎಂಬ ಒಂದೇ ಲ್ಯಾಟಿನ್ ಶಬ್ದಕ್ಕೆ ಇಂಗ್ಲಿಷಿನಲ್ಲಿ ಎರಡು ಮಕ್ಕಳು: ಸವೆದು ಬಂದ ‘ಫ್ರೇಲ್’, ಪುಸ್ತಕದಿಂದ ಬಂದ ‘ಫ್ರಾಜೈಲ್’. ‘ಶೂರ್’ ಮತ್ತು ‘ಸೆಕ್ಯೂರ್’ ಕೂಡ ಹೀಗೇ ಅಣ್ಣತಮ್ಮಂದಿರು.

ಇನ್ನೂ ಒಂದು ಮನೆತನ ಇದೆ. ಧಾರವಾಡಕ್ಕೆ ಓದಲು ಬಂದ ಹುಡುಗರ ಜೀವನವೆಲ್ಲ ಅದರೊಳಗೇ ಸಾಗುತ್ತದೆ: ಹಾಸ್ಟೆಲ್, ಹೋಟೆಲ್, ಹಾಸ್ಪಿಟಲ್. ಮೂರಕ್ಕೂ ಮೂಲ ಲ್ಯಾಟಿನ್ನಿನ ‘ಹಾಸ್ಪೆಸ್’. ಅತಿಥಿಗೂ ಅದೇ ಶಬ್ದ, ಆತಿಥ್ಯ ಮಾಡುವವನಿಗೂ ಅದೇ ಶಬ್ದ.

ಪರೀಕ್ಷೆಗೆ ಉಪಯೋಗ ಆಗುವ ಗುಟ್ಟು ಇಲ್ಲಿದೆ. ನಾವು ಮನೆಯಲ್ಲಿ ಹಲ್ಲು ಅನ್ನುತ್ತೇವೆ, ಡಾಕ್ಟರ ಬೋರ್ಡಿನ ಮೇಲೆ ಅದು ದಂತ. ಮನೆಯಲ್ಲಿ ಕಣ್ಣು, ಕ್ಯಾಂಪಿನಲ್ಲಿ ನೇತ್ರ. ಇಂಗ್ಲಿಷಿನವರೂ ಹಾಗೇ. ಹಲ್ಲು ‘ಟೂತ್’, ಆದರೆ ಹಲ್ಲಿಗೆ ಸಂಬಂಧಪಟ್ಟದ್ದು ‘ಡೆಂಟಲ್’. ಚಂದ್ರ ‘ಮೂನ್’, ವಿಶೇಷಣ ‘ಲೂನರ್’. ನಾಯಿ ‘ಡಾಗ್’, ವಿಶೇಷಣ ‘ಕೆನೈನ್’. ಹಸುವಿಗೆ ‘ಬೋವೈನ್’, ಕುದುರೆಗೆ ‘ಈಕ್ವೈನ್’, ಬೆಕ್ಕಿಗೆ ‘ಫೀಲೈನ್’. ನಾಮಪದ ದೇಶ್ಯ, ವಿಶೇಷಣ ತತ್ಸಮ. ಈ ಜೋಡಿಗಳನ್ನು ಒಂದೇ ಪುಟದಲ್ಲಿ ಎದುರುಬದುರು ಬರೆದುಕೊಳ್ಳಿ. ಪಟ್ಟಿಯಲ್ಲಿ ಚೆಲ್ಲಾಪಿಲ್ಲಿ ಬಿದ್ದಿದ್ದ ಎಷ್ಟೋ ಶಬ್ದಗಳು ಒಂದು ಕಡೆ ಬರುತ್ತವೆ.

ಸಂಧಿ ಬಿಡಿಸಿ

ಕಠಿಣ ಅನಿಸುವ ಇಂಗ್ಲಿಷ್ ಶಬ್ದಗಳಲ್ಲಿ ಬಹಳಷ್ಟು ತತ್ಸಮಗಳೇ. ಹಾಗಾಗಿ ಅವನ್ನು ಬಿಡಿಸಿ ನೋಡಬಹುದು. ಮೊದಲಿಗೆ ಸೇರುವ ತುಂಡು, ನಡುವಿನ ಬೇರು, ಕೊನೆಯ ಪ್ರತ್ಯಯ. ಬೇರೊಂದನ್ನು ಹಿಡಿದರೆ ಸಂಸಾರವೇ ಸಿಗುತ್ತದೆ.

ಉದಾಹರಣೆಗೆ ಲ್ಯಾಟಿನ್ನಿನ ‘ಲೊಕ್ವಿ’, ಅಂದರೆ ಮಾತಾಡು. ‘ಎಲೊಕ್ವೆಂಟ್’ ಅಂದರೆ ಮಾತು ಸರಾಗವಾಗಿ ಹೊರಗೆ ಬರುವವನು. ‘ಲೊಕ್ವೇಷಸ್’ ಅಂದರೆ ಬಾಯಿಗೆ ಬೀಗ ಇಲ್ಲದವನು. ‘ಸೋಲಸ್’ ಅಂದರೆ ಒಬ್ಬನೇ. ಅದು ಸೇರಿದರೆ ‘ಸೊಲಿಲೊಕ್ವಿ’, ನಾಟಕದ ಸ್ವಗತ. ‘ಸರ್ಕಮ್’ ಅಂದರೆ ಸುತ್ತ. ಅದು ಸೇರಿದರೆ ‘ಸರ್ಕಮ್‌ಲೊಕ್ಯೂಷನ್’, ಸುತ್ತಿ ಬಳಸಿ ಮಾತಾಡುವುದು. ‘ವೆಂಟರ್’ ಅಂದರೆ ಹೊಟ್ಟೆ. ಅದು ಸೇರಿದರೆ ‘ವೆಂಟ್ರಿಲೊಕ್ವಿಸ್ಟ್’, ತುಟಿ ಅಲ್ಲಾಡಿಸದೆ ಗೊಂಬೆಯನ್ನು ಮಾತಾಡಿಸುವವನು. ದನಿ ಹೊಟ್ಟೆಯಿಂದ ಬರುತ್ತದೆ ಅಂತ ಹಿಂದಿನವರು ತಿಳಿದಿದ್ದರು. ಒಂದು ಬೇರು, ಐದು ಶಬ್ದ. ಐದನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡುವ ಕಷ್ಟ ತಪ್ಪಿತಲ್ವಾ?

ನಮ್ಮಲ್ಲಿ ಜಗತ್ ಮತ್ತು ನಾಥ ಸೇರಿದರೆ ಜಗನ್ನಾಥ ಆಗುತ್ತದೆ. ಮುಂದಿನ ಅಕ್ಷರಕ್ಕೆ ತಕ್ಕಂತೆ ಹಿಂದಿನದು ಬದಲಾಗುತ್ತದೆ. ಲ್ಯಾಟಿನ್ನಿನಲ್ಲೂ ಇದೇ ನಿಯಮ. ‘ಅಲ್ಲ’ ಎಂಬ ಅರ್ಥದ ‘ಇನ್’ ಮುಂದೆ ಎಲ್ ಬಂದರೆ ಇಲ್ಲೀಗಲ್, ಪಿ ಬಂದರೆ ಇಂಪಾಸಿಬಲ್, ಆರ್ ಬಂದರೆ ಇರ್ರೆಗ್ಯುಲರ್. ಶಬ್ದದ ಶುರುವಿಗೆ ಎಲ್ಲಾದರೂ ಜೋಡಿ ಎಲ್, ಜೋಡಿ ಆರ್, ಜೋಡಿ ಎಫ್ ಕಂಡರೆ ಅಲ್ಲೊಂದು ಸಂಧಿ ಆಗಿದೆಯೇನೋ ಅಂತ ಅನುಮಾನಪಡಿ. ಗ್ರೀಕಿನ ‘ಅಲ್ಲ’ ಇನ್ನೂ ಸುಲಭ: ಅ, ಅನ್. ನಮ್ಮ ಅನಾಮಿಕ, ಅವರ ‘ಅನಾನಿಮಸ್’.

ಹಾವೇರಿ ಕಡೆಯವರಿಗೆ ಒಂದು ಸರಪಳಿ ಕೊಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆಯುವ ಕೆಂಪು ಸಾರಕ್ಕೆ ‘ಓಲಿಯೋರೆಸಿನ್’ ಅನ್ನುತ್ತಾರೆ. ‘ಓಲಿಯಮ್’ ಅಂದರೆ ಎಣ್ಣೆ, ‘ರೆಸಿನ್’ ಅಂದರೆ ಅಂಟು, ರಾಳ. ಅದೇ ಓಲಿಯಮ್ ಹಿಂದೆ ‘ಪೆಟ್ರಾ’, ಅಂದರೆ ಬಂಡೆ, ಸೇರಿದರೆ ಪೆಟ್ರೋಲಿಯಂ, ಕಲ್ಲಿನ ಎಣ್ಣೆ. ಅದೇ ಪೆಟ್ರಾ ಮುಂದೆ ‘ಐಕರ್’ ಸೇರಿದರೆ ‘ಪೆಟ್ರಿಕರ್’. ಐಕರ್ ಅಂದರೆ ಗ್ರೀಕ್ ಪುರಾಣದಲ್ಲಿ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಈ ಹೆಸರು ಕಟ್ಟಿದರು. ಮುಂಗಾರು ಶುರುವಾದಾಗ ಎರೆಭೂಮಿಯ ಕಡೆಯವರಿಗೆ ಇದರ ವಿವರಣೆ ಬೇಡ, ಹೆಸರು ಮಾತ್ರ ಹೊಸದು.

ಬಿಡಿಸಿದ ಮೇಲೂ ಅರ್ಥ ಸಿಗದ ಶಬ್ದಗಳು ಇರುತ್ತವೆ. ಪರೀಕ್ಷೆಯ ಪಟ್ಟಿಗಳಲ್ಲಿ ತಪ್ಪದೆ ಬರುವ ‘ಫಿಲಾಟೆಲಿ’ ತಗೊಳ್ಳಿ. ಅಂಚೆಚೀಟಿ ಸಂಗ್ರಹ ಅಂತ ಎಲ್ಲರಿಗೂ ಗೊತ್ತು. ಬಿಡಿಸಿದರೆ ‘ಫಿಲ್’, ಪ್ರೀತಿ, ‘ಅ’, ಇಲ್ಲ, ‘ಟೆಲೋಸ್’, ಸುಂಕ. ಸುಂಕ ಇಲ್ಲದ್ದರ ಮೇಲಿನ ಪ್ರೀತಿ! ಅಂಚೆಚೀಟಿ ಎಲ್ಲಿದೆ? 1840ರಲ್ಲಿ ಬ್ರಿಟನ್ನಿನಲ್ಲಿ ಅಂಚೆಚೀಟಿ ಬರುವ ಮೊದಲು ಪತ್ರದ ಅಂಚೆ ಖರ್ಚನ್ನು ಸಾಮಾನ್ಯವಾಗಿ ಪಡೆದವರೇ ಕೊಡಬೇಕಿತ್ತು. ಚೀಟಿ ಅಂಟಿಸಿದ್ದರೆ ಪಡೆದವರಿಗೆ ಖರ್ಚಿಲ್ಲ. ಅದಕ್ಕೇ 1864ರಲ್ಲಿ ಜಾರ್ಜ್ ಎರ್ಪಾ ಎಂಬ ಫ್ರೆಂಚ್ ಸಂಗ್ರಾಹಕ ಹಳೆಯ ಗ್ರೀಕಿನಲ್ಲಿ ಹುಡುಕಿ ‘ಸುಂಕ ವಿನಾಯಿತಿ’ ಅನ್ನುವ ಶಬ್ದ ಹಿಡಿದು ಈ ಹೆಸರು ಕಟ್ಟಿದ. ಹಳೆ ಗ್ರೀಕರಿಗೆ ಅಂಚೆಚೀಟಿ ಗೊತ್ತಿರಲಿಲ್ಲವಲ್ಲ, ಪಾಪ, ಅವನಾದರೂ ಏನು ಮಾಡಬೇಕು.

ಎಲ್ಲಿ ಬೇಕಾದರೂ ಚಾಕು ಹಾಕಬೇಡಿ. ‘ಹಿಸ್ಟರಿ’ಯಲ್ಲಿ ‘ಹಿಸ್’ ಇಲ್ಲ, ಅದು ವಿಚಾರಣೆ ಎಂಬ ಅರ್ಥದ ಗ್ರೀಕ್ ಶಬ್ದ. ‘ಔಟ್‌ರೇಜ್’ನಲ್ಲಿ ‘ರೇಜ್’ ಇಲ್ಲ. ಫ್ರೆಂಚಿನಲ್ಲಿ ‘ಮೀರಿ’ ಎಂಬ ಅರ್ಥದ ‘ಊತ್ರ್’ಗೆ ‘ಏಜ್’ ಪ್ರತ್ಯಯ ಸೇರಿ ಆದದ್ದು. ‘ಪೆನ್’ ಮತ್ತು ‘ಪೆನ್ಸಿಲ್’ ನೋಡಲು ತಾಯಿಮಗುವಿನ ಹಾಗಿದ್ದರೂ ನೆಂಟಸ್ತಿಕೆ ಇಲ್ಲ. ಪೆನ್ನಿನ ಮೂಲ ಹಕ್ಕಿಯ ಗರಿ, ಪೆನ್ಸಿಲ್ಲಿನ ಮೂಲ ಪುಟ್ಟ ಬಾಲ.

ಯಾವ ಡಿಕ್ಷನರಿ, ಹೇಗೆ ಓದುವುದು

ಇಂಗ್ಲಿಷ್–ಕನ್ನಡ ನಿಘಂಟು ಅರ್ಥಕ್ಕೆ ಸಾಕು, ಮೂಲಕ್ಕೆ ಸಾಲದು. ವಿದ್ಯಾರ್ಥಿಗಳಿಗಾಗಿ ಮಾಡಿದ ಲರ್ನರ್ಸ್ ಡಿಕ್ಷನರಿಗಳು ಬಳಕೆ ಚೆನ್ನಾಗಿ ಹೇಳುತ್ತವೆ, ಆದರೆ ಅಚ್ಚಿನ ಪ್ರತಿಯಲ್ಲಿ ಮೂಲ ಹುಡುಕುವುದು ದಂಡ. ಧಾರವಾಡದ ಸುಭಾಸ್ ರಸ್ತೆಯಲ್ಲಿ ಪುಸ್ತಕ ಕೊಳ್ಳಲು ನಿಂತಾಗ ಕನ್ಸೈಸ್ ಆಕ್ಸ್‌ಫರ್ಡ್‌ನಂಥದ್ದನ್ನು ಕೇಳಿ. ಪ್ರತಿ ಶಬ್ದದ ವಿವರಣೆಯ ಕೊನೆಗೆ ಮೂಲ ಕೊಟ್ಟಿರುತ್ತದೆ. ಹಳೆಯ ಮುದ್ರಣ ಸಿಕ್ಕರೂ ತಗೊಳ್ಳಿ, ಶಬ್ದದ ಹುಟ್ಟೂರು ಮುದ್ರಣಕ್ಕೊಮ್ಮೆ ಬದಲಾಗುವುದಿಲ್ಲ. ಮೊಬೈಲ್‌ನಲ್ಲಾದರೆ ಮೆರಿಯಮ್-ವೆಬ್‌ಸ್ಟರ್ ಮತ್ತು ಎಟಿಮಾನ್‌ಲೈನ್ ಎರಡೂ ಪುಕ್ಕಟೆ. ಎರಡೂ ಒಂದೇ ಮಾತು ಹೇಳಿದರೆ ನೆಮ್ಮದಿಯಿಂದ ಬರೆದುಕೊಳ್ಳಿ.

ಮೂಲದ ಸಾಲು ಮೊದಮೊದಲು ಕಗ್ಗಂಟು ಅನಿಸುತ್ತದೆ. ಒಇ ಅಂದರೆ ಹಳೆಯ ಇಂಗ್ಲಿಷ್, ಎಂಇ ಅಂದರೆ ನಡು ಇಂಗ್ಲಿಷ್, ಒಎಫ್ ಅಂದರೆ ಹಳೆಯ ಫ್ರೆಂಚ್, ಎಲ್ ಅಂದರೆ ಲ್ಯಾಟಿನ್. ಸಾಲು ಹಿಮ್ಮುಖವಾಗಿ ಹೋಗುತ್ತದೆ. ಹತ್ತಿರದ ಕಾಲ ಮೊದಲು, ದೂರದ ಕಾಲ ಕೊನೆಗೆ. ‘ಫ್ರೇಲ್’ ಅಡಿಯಲ್ಲಿ ನಡು ಇಂಗ್ಲಿಷ್, ಹಳೆಯ ಫ್ರೆಂಚ್, ಲ್ಯಾಟಿನ್ ಅಂತ ಸಾಲಾಗಿ ಇರುತ್ತದೆ. ಕೊನೆಯಿಂದ ಓದಿದರೆ ಶಬ್ದ ನಡೆದುಬಂದ ದಾರಿ ಕಾಣುತ್ತದೆ. ಶಬ್ದದ ಹಿಂದೆ ನಕ್ಷತ್ರದ ಗುರುತು ಇದ್ದರೆ ಅದು ಎಲ್ಲೂ ಬರೆದಿಟ್ಟದ್ದು ಸಿಕ್ಕಿಲ್ಲ, ವಿದ್ವಾಂಸರು ಹೋಲಿಸಿ ಊಹಿಸಿದ ರೂಪ ಅಂತ ಅರ್ಥ. ಜೊತೆಗೆ ಒಂದು ಇಸವಿ ಕೊಟ್ಟಿರುತ್ತಾರೆ. ಅದು ಶಬ್ದ ಹುಟ್ಟಿದ ವರ್ಷ ಅಲ್ಲ, ಬರವಣಿಗೆಯಲ್ಲಿ ಮೊದಲು ಸಿಕ್ಕ ವರ್ಷ. ಬಾಯಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು.

ಇಂಥ ಸಾಲುಗಳನ್ನು ಓದುವ ಅಭ್ಯಾಸ ಕನ್ನಡದಿಂದಲೇ ಶುರು ಮಾಡಬೇಕು ಅನಿಸಿದರೆ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ತೆರೆಯಿರಿ. ಧಾರವಾಡದಲ್ಲೂ ಇದ್ದು ಕೆಲಸ ಮಾಡಿದ ಜರ್ಮನ್ ಪಾದ್ರಿ ಅವರು. ಅವರ ಹೆಸರಿನ ಕಾಲೇಜು ಊರಲ್ಲಿ ಇವತ್ತಿಗೂ ಇದೆ. ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನಲ್ಲಿ. ಒಂದು ಕನ್ನಡ ಶಬ್ದ ತೆಗೆದರೆ ಅದು ತದ್ಭವವೋ ಅಲ್ಲವೋ, ತಮಿಳು, ತೆಲುಗು, ಮಲಯಾಳದಲ್ಲಿ ಅದರ ಒಡಹುಟ್ಟಿದವರು ಯಾರು ಅಂತ ತೋರಿಸುತ್ತಾರೆ. ಆ ಪುಟಗಳಲ್ಲಿ ಒಂದು ಸಂಜೆ ಕಳೆದರೆ ಇಂಗ್ಲಿಷ್ ಡಿಕ್ಷನರಿಯ ಸಂಕ್ಷೇಪಗಳಿಗೆ ಹೆದರುವುದು ನಿಲ್ಲುತ್ತದೆ.

ನಮ್ಮ ಕಡೆಯಿಂದ ಹೋದವರು

ನಮ್ಮ ಪಗಾರ, ಚಾವಿ, ಬಟಾಟಿ ಪೋರ್ಚುಗೀಸರಿಂದ ಬಂದವು. ದವಾಖಾನೆ ಪರ್ಷಿಯನ್, ಅರಬ್ಬಿ ಕಡೆಯದು. ಅದೇ ಹಡಗುಗಳಲ್ಲಿ ನಮ್ಮವೂ ಹೋಗಿವೆ. ಇಂಗ್ಲಿಷಿನ ‘ಅರೆಕಾ’ ಮಲಯಾಳದ ಅಡಕ್ಕ, ನಮ್ಮ ಅಡಕೆಯ ಒಡಹುಟ್ಟು. ‘ಕೋಪ್ರಾ’ ನಮ್ಮ ಕೊಬ್ಬರಿಯ ನೆಂಟ. ‘ಬ್ಯಾಂಡಿಕೂಟ್’ ತೆಲುಗಿನ ಪಂದಿಕೊಕ್ಕು, ಹೆಗ್ಗಣ. ‘ಜಗರ್‌ನಾಟ್’ ಅಂದರೆ ಎದುರು ಬಂದದ್ದನ್ನೆಲ್ಲ ತುಳಿದು ಹೋಗುವ ಶಕ್ತಿ. ಅದು ಪುರಿಯ ಜಗನ್ನಾಥ, ಆಗಲೇ ಸಂಧಿ ಬಿಡಿಸಿದೆವಲ್ಲ, ಅವನೇ. ರಥದ ಗಾಲಿಗೆ ಜನ ಸಿಕ್ಕಿ ಸಾಯುತ್ತಾರೆ ಅಂತ ಯುರೋಪಿನ ಪ್ರವಾಸಿಗರು ಹಬ್ಬಿಸಿದ ಕಥೆಯಿಂದ ಈ ಅರ್ಥ ಅಂಟಿಕೊಂಡಿತು.

ಮೂಲ ಗೊತ್ತಿದ್ದರೆ ವ್ಯಾಕರಣದ ಪ್ರಶ್ನೆಯೂ ಬಗೆಹರಿಯುತ್ತದೆ. ‘ಮಂಗೂಸ್’ ಬಹುವಚನ ಏನು? ಗೂಸ್ ಹೋಗಿ ಗೀಸ್ ಆಗುತ್ತದೆ ಅಂತ ‘ಮಂಗೀಸ್’ ಬರೆದವರು ಎಷ್ಟೋ ಜನ. ಅದು ಮರಾಠಿಯ ಮುಂಗೂಸ್, ನಮ್ಮ ಮುಂಗುಸಿ. ಹೆಬ್ಬಾತಿಗೂ ಅದ‍ಕ್ಕೂ ಸಂಬಂಧ ಇಲ್ಲ. ಮಂಗೂಸಸ್ ಅಂತಲೇ ಬರೆಯಿರಿ. ಇಂಥ ಶಬ್ದಗಳಿಗೆಂದೇ 1886ರಲ್ಲಿ ಯೂಲ್ ಮತ್ತು ಬರ್ನೆಲ್ ಮಾಡಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶ ಇದೆ. ಪುಕ್ಕಟೆ ಓದಲು ಸಿಗುತ್ತದೆ. ಓದಲು ಕೂತರೆ ಎದ್ದೇಳುವುದು ಕಷ್ಟ, ಪರೀಕ್ಷೆ ಹತ್ತಿರ ಇದ್ದಾಗ ಮುಟ್ಟಬೇಡಿ.

ವಾಟ್ಸಾಪ್ ಕಥೆಗಳನ್ನು ಸೋಸಿ

ಕಥೆ ಎಷ್ಟು ಚೆಂದ ಇದೆಯೋ ಅಷ್ಟು ಅನುಮಾನಪಡಿ. ಶ್ರೀಮಂತರ ಠೀವಿಗೆ ಅನ್ನುವ ‘ಪಾಶ್’ ಬಗ್ಗೆ ಕೇಳಿರಬಹುದು. ಬ್ರಿಟಿಷ್ ಸಾಹೇಬರು ಹಡಗಿನಲ್ಲಿ ಭಾರತಕ್ಕೆ ಬರುವಾಗ ಬಿಸಿಲು ತಾಗದ ಎಡಗಡೆ ಕೋಣೆ, ಹೋಗುವಾಗ ಬಲಗಡೆ ಕೋಣೆ ತಗೊಳ್ಳುತ್ತಿದ್ದರಂತೆ. ಟಿಕೆಟ್ ಮೇಲೆ ಅದರ, ಅಂದರೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ನ, ನಾಲ್ಕು ಮೊದಲಕ್ಷರ ಒತ್ತುತ್ತಿದ್ದರಂತೆ. ಅಂಥ ಒಂದು ಟಿಕೆಟ್ಟೂ ಇವತ್ತಿನವರೆಗೆ ಸಿಕ್ಕಿಲ್ಲ. ಒಳ್ಳೆಯ ಡಿಕ್ಷನರಿಗಳು ಈ ಕಥೆಯನ್ನು ಒಪ್ಪುವುದಿಲ್ಲ. ‘ನ್ಯೂಸ್’ ಅಂದರೆ ನಾಲ್ಕು ದಿಕ್ಕು ಅನ್ನುವುದೂ ಹಾಗೇ, ಅದು ಬರೀ ‘ನ್ಯೂ’ ಶಬ್ದದ ಬಹುವಚನ. ಹಳೆಯ ಶಬ್ದವೊಂದು ಇಂಗ್ಲಿಷ್ ಮೊದಲಕ್ಷರಗಳಿಂದ ಆಗಿದೆ ಅಂತ ಯಾರಾದರೂ ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ ಸುಳ್ಳು. ಅಕ್ಷರ ಕೂಡಿಸಿ ಶಬ್ದ ಮಾಡುವ ಚಾಳಿ ಜೋರಾದದ್ದು ಇಪ್ಪತ್ತನೇ ಶತಮಾನದಲ್ಲಿ.

‘ಸ್ಯಾಲರಿ’ ವಿಷಯ ಸ್ವಲ್ಪ ಬೇರೆ. ಲ್ಯಾಟಿನ್ನಿನ ‘ಸಲಾರಿಯಮ್’ಗೂ ಉಪ್ಪಿಗೂ ಸಂಬಂಧ ಇರುವುದು ನಿಜ. ರೋಮನ್ ಸೈನಿಕರಿಗೆ ಪಗಾರದ ಬದಲು ಉಪ್ಪನ್ನೇ ಅಳೆದು ಕೊಡುತ್ತಿದ್ದರು ಅನ್ನುವುದಕ್ಕೆ ಮಾತ್ರ ಆ ಕಾಲದ ಆಧಾರ ಇಲ್ಲ.

ಇನ್ನೊಂದು ಫ್ಯಾಷನ್, ಎಲ್ಲ ಇಂಗ್ಲಿಷ್ ಶಬ್ದವೂ ಸಂಸ್ಕೃತದಿಂದ ಬಂತು ಅನ್ನುವುದು. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಹೇಳಿದ್ದು ಬೇರೆ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಹಳೆಯ ಮೂಲದಿಂದ ಹುಟ್ಟಿರಬೇಕು ಅಂತ. ಅಂದರೆ ಅಕ್ಕತಂಗಿಯರು, ತಾಯಿಮಗಳು ಅಲ್ಲ. ಈ ನೆಂಟಸ್ತಿಕೆ ನಮಗೆ ಲಾಭವೇ. ದಂತ ಗೊತ್ತಿದ್ದವರಿಗೆ ಡೆಂಟಲ್, ಪಾದ ಗೊತ್ತಿದ್ದವರಿಗೆ ಪೆಡೆಸ್ಟ್ರಿಯನ್, ಅಗ್ನಿ ಗೊತ್ತಿದ್ದವರಿಗೆ ಇಗ್ನೈಟ್, ಜಾನು ಅಂದರೆ ಮೊಣಕಾಲು ಅಂತ ಗೊತ್ತಿದ್ದವರಿಗೆ ‘ಜೆನುಫ್ಲೆಕ್ಟ್’, ಮೊಣಕಾಲೂರು, ತಟ್ಟನೆ ಹೊಳೆಯುತ್ತದೆ. ಆದರೆ ಸದ್ದು ಕೂಡಿದ್ದೆಲ್ಲ ಸಂಬಂಧ ಅಲ್ಲ. ಗ್ರೀಕಿನ ‘ಡರ್ಮ’ ಅಂದರೆ ಚರ್ಮ, ಕೇಳಲೂ ಒಂದೇ ತರಹ. ಆದರೂ ಎರಡರ ಬೇರು ಬೇರೆ. ನೆನಪಿಗೆ ಬೇಕಾದರೆ ಬಳಸಿ, ಮೂಲ ಅಂತ ಬರೆಯಬೇಡಿ.

ಮೂಲ ಬೇರೆ, ಈಗಿನ ಅರ್ಥ ಬೇರೆ

‘ನೈಸ್’ ಶಬ್ದದ ಮೂಲ ಲ್ಯಾಟಿನ್ನಿನ ‘ನೆಸಿಯಸ್’, ಏನೂ ತಿಳಿಯದವನು. ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಪೆದ್ದ ಅಂತಲೇ ಇತ್ತು. ಹಾಗಂತ ಯಾರಾದರೂ ನಿಮ್ಮನ್ನು ನೈಸ್ ಅಂದರೆ ಜಗಳಕ್ಕೆ ಹೋಗುತ್ತೀರಾ? ‘ಡೆಸಿಮೇಟ್’ ಮೂಲದಲ್ಲಿ ಹತ್ತಕ್ಕೊಬ್ಬರನ್ನು ಕೊಲ್ಲುವುದು, ಈಗ ಬಹುಪಾಲು ನಾಶ ಮಾಡುವುದು. ಬೇರು ನೆನಪಿಡಲು ಕೊಕ್ಕೆ ಇದ್ದ ಹಾಗೆ. ಅರ್ಥದ ವಿಷಯದಲ್ಲಿ ಈಗಿನ ಬಳಕೆಯೇ ಕೊನೆಯ ಮಾತು.

ಅದಕ್ಕೇ ಡಿಕ್ಷನರಿಯಲ್ಲಿ ಅರ್ಥದ ಮುಂದಿನ ಲೇಬಲ್ ನೋಡಿ. ‘ಆರ್ಕೇಯಿಕ್’ ಅಂದರೆ ಹಳೆಗಾಲದ್ದು, ‘ಫಾರ್ಮಲ್’ ಅಂದರೆ ಕಚೇರಿ, ಸಭೆಗಳದ್ದು, ‘ಲಿಟರರಿ’ ಅಂದರೆ ಕಥೆ-ಕವಿತೆಗಳದ್ದು. ಉದಾಹರಣೆ ವಾಕ್ಯಗಳನ್ನು ಮೂರು-ನಾಲ್ಕಾದರೂ ಓದಿ. ತರೂರ್ 2018ರಲ್ಲಿ ಬಳಸಿದ 29 ಅಕ್ಷರದ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಗೆಳೆಯರ ನಡುವೆ ಹೇಳಿ ನಗಲು ಚೆನ್ನ. ಅರ್ಜಿಯಲ್ಲೋ ಇಂಟರ್‌ವ್ಯೂನಲ್ಲೋ ಅದನ್ನು ಬಳಸಿದರೆ ಎದುರಿಗೆ ಕೂತವರು ಮುಂದಿನ ಪ್ರಶ್ನೆಯನ್ನು ಬೇಕಂತಲೇ ಕಠಿಣ ಕೇಳುತ್ತಾರೆ.

ಉಚ್ಚಾರವನ್ನೂ ಆಗಲೇ ಕೇಳಿಬಿಡಿ, ಸ್ಪೀಕರ್ ಗುರುತು ಒತ್ತಿದರಾಯಿತು. ‘ಎಪಿಟೋಮ್’ ಅಲ್ಲ, ಎಪಿಟಮಿ. ‘ಹೈಪರ್‌ಬೋಲ್’ ಅಲ್ಲ, ಹೈಪರ್ಬಲಿ. ಗ್ರೀಕ್ ಶಬ್ದಗಳ ಕೊನೆಯ ಇ ಸಾಮಾನ್ಯವಾಗಿ ಸುಮ್ಮನೆ ಕೂರುವುದಿಲ್ಲ.

ನೋಟ್‌ಬುಕ್ ಹೀಗಿರಲಿ

ಅಕ್ಷರಕ್ರಮದಲ್ಲಿ ಬರೆಯಬೇಡಿ. ಅದು ಡಿಕ್ಷನರಿಯ ಕೆಲಸ, ಈಗಾಗಲೇ ಆಗಿದೆ. ಬೇರಿಗೊಂದು ಪುಟ ಕೊಡಿ. ಲೊಕ್ವಿ ಪುಟ, ಫಿಲ್ ಪುಟ, ಪೆಟ್ರಾ ಪುಟ. ಅರ್ಧ ಪುಟ ಖಾಲಿ ಬಿಡಿ, ನೆಂಟರು ಆಮೇಲೆ ಬರುತ್ತಾರೆ. ಒಂದು ಶಬ್ದ ಹೀಗೆ ಬರೆದರೆ ಸಾಕು:

ಮಿಸಾಂಥ್ರೋಪ್. ಸಿಕ್ಕಿದ್ದು: ಪೇಪರಿನ ಸಂಪಾದಕೀಯ, ಪೂರ್ತಿ ವಾಕ್ಯ ಕೆಳಗಿದೆ. ನನ್ನ ಊಹೆ: ಒಂಟಿ ಮನುಷ್ಯ. ಬಿಡಿಸಿದ್ದು: ‘ಮಿಸೋಸ್’ ದ್ವೇಷ, ‘ಆಂಥ್ರೋಪೋಸ್’ ಮನುಷ್ಯ, ಗ್ರೀಕ್. ಒಡಹುಟ್ಟಿದವರು: ಫಿಲಾಂಥ್ರಪಿ, ಆಂಥ್ರೊಪಾಲಜಿ, ಮಿಸಾಜಿನಿ. ನಿಘಂಟಿನ ಕನ್ನಡ: ಮಾನವದ್ವೇಷಿ. ನಮ್ಮ ಕನ್ನಡ: ಮಂದಿ ಕಂಡ್ರ ಆಗದಾಂವ.

ಆ ಕೊನೆಯ ಸಾಲನ್ನು ಬಿಡಬೇಡಿ. ನಿಘಂಟುಗಳು ಇಂಗ್ಲಿಷಿನ ಕಠಿಣ ಶಬ್ದಕ್ಕೆ ಅಷ್ಟೇ ಕಠಿಣವಾದ ಸಂಸ್ಕೃತದ ಶಬ್ದ ಕೊಟ್ಟು ಕೈತೊಳೆದುಕೊಳ್ಳುತ್ತವೆ. ‘ಲುಗೂಬ್ರಿಯಸ್’ಗೆ ಶೋಕಪೂರ್ಣ ಅಂತ ಬರೆದುಕೊಂಡರೆ ನಾಳೆ ಅದೂ ಮರೆತುಹೋಗುತ್ತದೆ. ಜೋಲುಮೋರೆ ಅಂತ ಬರೆಯಿರಿ, ಯಾರದಾದರೂ ಒಂದು ಮುಖ ಕಣ್ಮುಂದೆ ಬರುತ್ತದೆ. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ಬಲಗಡೆ ಮುಚ್ಚಿಕೊಂಡು ಹೇಳಿ ನೋಡಿ. ದಿನಕ್ಕೆ ಎರಡು-ಮೂರು ಶಬ್ದ ಸಾಕು, ಐವತ್ತು ಬೇಡ.

ಇವತ್ತೇ ಶುರು ಮಾಡುವವರಿಗೆ ಮೂರು ಶಬ್ದ ಕೊಡುತ್ತೇನೆ. ‘ಸಬ್‌ಟೆರೇನಿಯನ್’: ‘ಟೆರಾ’ ಅಂದರೆ ನೆಲ, ‘ಸಬ್’ ನಿಮಗೆ ಸಬ್‌ವೇಯಿಂದ ಗೊತ್ತಿದೆ. ‘ಆಂಟಿಡಿಲೂವಿಯನ್’: ಇದು ವಿರೋಧದ ‘ಆಂಟಿ’ ಅಲ್ಲ, ಸ್ಪೆಲಿಂಗ್‌ನಲ್ಲಿ ಟಿ ಆದಮೇಲೆ ಇ ಇದೆ, ಅರ್ಥ ‘ಮೊದಲು’. ‘ಡಿಲೂವಿಯಮ್’ ಅಂದರೆ ಪ್ರಳಯದ ನೀರು. ಯಾರ ಮೊಬೈಲ್‌ಗೆ ಈ ಶಬ್ದ ಒಪ್ಪುತ್ತದೆ ಯೋಚಿಸಿ. ಮೂರನೆಯದು ‘ಸಾಮ್ನಾಂಬ್ಯುಲಿಸ್ಟ್’: ‘ಸಾಮ್ನಸ್’ ಅಂದರೆ ನಿದ್ದೆ, ಇದು ಸ್ವಪ್ನದ ನಿಜವಾದ ನೆಂಟ. ಉಳಿದರ್ಧದಲ್ಲಿ ಆಂಬ್ಯುಲೆನ್ಸ್ ಇದೆ. ನಡೆಯಲಾಗದವರನ್ನು ಹೊತ್ತೊಯ್ಯುವ ಗಾಡಿಗೆ ‘ನಡೆ’ ಎಂಬ ಅರ್ಥದ ಬೇರಿನಿಂದ ಹೆಸರು ಬಂದದ್ದು ಹೇಗೆ ಅನ್ನುವುದನ್ನು ನೀವೇ ಹುಡುಕಿ. ಫ್ರೆಂಚ್ ಸೈನ್ಯದ ಜೊತೆ ಊರೂರು ಸಾಗುತ್ತಿದ್ದ ಒಂದು ಆಸ್ಪತ್ರೆ ಸಿಕ್ಕರೆ ದಾರಿ ಸರಿ ಇದೆ.